ಸತ್ಯಾಂಶ: ಕಡಿದ ಗೆಲ್ಲಿಗೆ ಟಾರು ಬಳಿದರೆ ಮರ ಕೊಳೆಯುವುದಿಲ್ಲವೇ?

ಮಳೆಗಾಲ ಹತ್ತಿರವಾದಂತೆ ಮಂಗಳೂರು, ಉಡುಪಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಈ ಸಲಹೆ ಮತ್ತೆ ಸುತ್ತುತ್ತದೆ: ಮಾವು, ಹಲಸಿನ ಗೆಲ್ಲು ಕಡಿದಲ್ಲಿ ಟಾರು ಬಳಿಯಿರಿ. ಕಳುಹಿಸುವವರದು ಮರದ ಮೇಲಿನ ಕಾಳಜಿಯೇ, ಆದರೆ ಮಾತು ಸರಿಯಲ್ಲ. ಮರದ ಗಾಯ ನಮ್ಮ ಚರ್ಮದಂತೆ ಮಾಯುವುದಿಲ್ಲ. ಮರ ಒಳಗೇ ಗೋಡೆ ಕಟ್ಟಿ ಆ ಭಾಗವನ್ನು ಬೇರ್ಪಡಿಸುತ್ತದೆ, ಸುತ್ತಲಿಂದ ಹೊಸದಾಗಿ ಬೆಳೆದು ಮುಚ್ಚುತ್ತದೆ. ಟಾರಿನಡಿ ತೇವ ಉಳಿದರೆ ಶಿಲೀಂಧ್ರಕ್ಕೇ ಅನುಕೂಲ. (ತೋಟದವರ ಬೋರ್ಡೋ ಮುಲಾಮು ಬೇರೆ, ಅದು ಶಿಲೀಂಧ್ರನಾಶಕ.) ನಿಜಕ್ಕೂ ಮುಖ್ಯವಾದುದು ಕಡಿಯುವ ಜಾಗ: ಗೆಲ್ಲಿನ ಬುಡದ ಉಬ್ಬಿದ ಕೊರಳನ್ನು ಉಳಿಸಿ, ಅದರ ಹೊರಗೆ, ಮೋಟು ಬಿಡದೆ ಕೊಯ್ಯಬೇಕು.

ನಿಮ್ಮ ಹಿತ್ತಲಲ್ಲೇ ಪರೀಕ್ಷಿಸಿ. ಏನೂ ಬಳಿಯದ ಹಳೆಯ ಗಾಯಗಳನ್ನು ಹುಡುಕಿ: ಕೊರಳು ಉಳಿದಲ್ಲಿ ಸುತ್ತಲೂ ಬಳೆಯಂಥ ಉಬ್ಬು ಕಾಣುತ್ತದೆ, ಮೋಟು ಬಿಟ್ಟಲ್ಲಿ ಕಡ್ಡಿಯಿಂದ ಒತ್ತಿ ನೋಡಿ, ಹೆಚ್ಚಾಗಿ ಮೆತ್ತಗಿರುತ್ತದೆ.