'ಗಿಳೆ'ಗೂ ಅರ್ಥವಿದೆ
'ಮಳೆಗಿಳೆ', 'ಕಕ್ಕಾಬಿಕ್ಕಿ'ಯಂಥ ತಮಾಷೆಯ ಪದಗಳಲ್ಲಿ ನಾದವಷ್ಟೇ ಇದೆ, ಅರ್ಥವಿಲ್ಲ ಎಂದು ಲೇಖಕರೊಬ್ಬರು ತಮ್ಮ ಲೇಖನದಲ್ಲಿ ಹೇಳಿದ್ದಾರೆ. ಆ ಮಾತನ್ನು ನಾನು ಒಪ್ಪಲಾರೆ. 'ಮಳೆ ಬಂದರೆ' ಎನ್ನುವುದಕ್ಕೂ 'ಮಳೆಗಿಳೆ ಬಂದರೆ' ಎನ್ನುವುದಕ್ಕೂ ಇರುವ ಅಂತರವನ್ನು ಗಮನಿಸಿ: ನಿಘಂಟಿನಲ್ಲಿ ಹುಡುಕಿದರೂ ಸಿಗದ ಆ 'ಗಿಳೆ', ಗಾಳಿ, ಗುಡುಗು, ಕೆಸರುಗಳನ್ನೆಲ್ಲ ಒಂದೇ ಉಸಿರಿನಲ್ಲಿ ತಂದು ನಿಲ್ಲಿಸುತ್ತದೆ. ಮೊದಲ ಅಕ್ಷರ ಹ್ರಸ್ವವಾದರೆ 'ಗಿ', ದೀರ್ಘವಾದರೆ 'ಗೀ' ಎಂಬ ನಿಯಮವನ್ನು ಯಾರೂ ಹೇಳಿಕೊಡದಿದ್ದರೂ ಪುಟ್ಟ ಮಕ್ಕಳು ಪುಸ್ತಕಗಿಸ್ತಕ, ಹಾವುಗೀವು ಎಂದು ತಪ್ಪದೆ ಆಡುವುದನ್ನು ಕೇಳುವುದೇ ನನಗೆ ದೊಡ್ಡ ಸಂತೋಷ. 'ಕಕ್ಕಾಬಿಕ್ಕಿ'ಯ ಸೊಗಸಂತೂ ಬೇರೆಯೇ. ಒತ್ತಕ್ಷರಗಳಲ್ಲಿ ಉಸಿರು ಎರಡು ಸಲ ಕಟ್ಟಿ ಬಿಡುವುದರಿಂದ, ದಿಕ್ಕು ತೋಚದವನ ಸ್ಥಿತಿ ಹೇಳುವವನ ಬಾಯಲ್ಲೇ ನಡೆದುಹೋಗುತ್ತದೆ. 'ಗೊಂದಲ' ಎಂಬ ಪದಕ್ಕೆ ಆ ಶಕ್ತಿಯಿಲ್ಲ. ಕೇಶಿರಾಜನಂತಹ ವೈಯಾಕರಣ 13ನೆಯ ಶತಮಾನದಲ್ಲೇ, ಧ್ವನಿಯನ್ನು ಅನುಕರಿಸುವ 'ಅನುಕರಣ ಶಬ್ದ'ಗಳಿಗೆ ವ್ಯಾಕರಣದಲ್ಲಿ ಸ್ಥಾನ ಕೊಟ್ಟಿದ್ದಾನೆ.