ಸೀಲ್ ಹಾಕಿಸುವ ಮುಂಚೆ ಪೈಪ್ ಮೇಲೆ ಉಗುರು ಎಳೆದು ನೋಡಿ

ಬೈಕಿನ ಮುಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಆಡುವ ಎರಡು ಕಾಲುಗಳ ಫೋರ್ಕಿನಲ್ಲಿ ಆಯಿಲ್ ಸೋರುತ್ತಿದೆ ಅಂದರೆ ಎಲ್ಲರ ಬಾಯಲ್ಲೂ ಒಂದೇ ಮಾತು: "ಸೀಲ್ ಹೋಗಿದೆ, ಹೊಸದು ಹಾಕಿಸು." ನಾನೂ ಹಾಗೇ ಅಂದುಕೊಂಡು, ಆಯಿಲ್ ಹೊರಬರದಂತೆ ಫೋರ್ಕಿನ ಪೈಪ್ ಸುತ್ತ ಕೂರುವ ಆ ರಬ್ಬರ್ ಬಳೆಯನ್ನು ಒಂದೇ ಮಳೆಗಾಲದಲ್ಲಿ ಎರಡು ಸಲ ಹಾಕಿಸಿದೆ. ಎರಡು ಸಲವೂ ತಿಂಗಳೊಳಗೆ ಮತ್ತೆ ಸೋರಿತು. ಎರಡನೇ ಸಲ ಗೊತ್ತಾಗಿದ್ದು ಬಿಸ್ಲೆ ಘಾಟಿ ಇಳಿಯುವಾಗ. ಮುಂದಿನ ಬ್ರೇಕ್ ಒತ್ತಿದರೆ ಹಿಡಿಯಲೇ ಇಲ್ಲ. ಗೇರ್ ಇಳಿಸಿ, ಹಿಂದಿನ ಬ್ರೇಕ್ ತುಳಿದು ಹೇಗೋ ನಿಲ್ಲಿಸಿದೆ. ಇಳಿದು ನೋಡಿದರೆ ಆಯಿಲ್ ಜಾರಿ ಬ್ರೇಕಿನ ಡಿಸ್ಕ್, ಅದನ್ನು ಹಿಡಿಯುವ ಕ್ಯಾಲಿಪರ್ ಎಲ್ಲ ಹೊಳೆಯುತ್ತಿತ್ತು. ಕೈ ನಡುಗುವುದು ನಿಲ್ಲಲು ಸುಮಾರು ಹೊತ್ತು ಬೇಕಾಯಿತು.

ಮನೆಗೆ ಬಂದಾಗ ಚಿಕ್ಕಪ್ಪ ಬೈಕ್ ಪಕ್ಕ ಕೂತರು. ತೋಟದ ಪಂಪು, ಕಳೆ ಮೆಷಿನ್ ಎಲ್ಲ ಅವರೇ ಬಿಚ್ಚಿ ಜೋಡಿಸುವವರು. ಪೈಪ್ ಒರೆಸಿ, ಮೇಲಿಂದ ಕೆಳಗೆ ಮೆಲ್ಲಗೆ ಉಗುರು ಎಳೆದರು. "ಇಲ್ನೋಡು ಮಗಾ, ಉಗುರು ಸಿಕ್ಕಿಕೊಳ್ತಾ ಇದೆ. ಇದು ಇರೋ ತನಕ ನೀನು ಎಷ್ಟು ಸೀಲ್ ಹಾಕಿದ್ರೂ ಹರಿದೇ ಹೋಗುತ್ತೆ." ಕಲ್ಲು ಸಿಡಿದು ಆದ ಸಣ್ಣ ಗಾಯ. ಅಕ್ಕಿಕಾಳಿನಷ್ಟೂ ಇರಲಿಲ್ಲ. ಎರಡು ಸಲ ಫೋರ್ಕ್ ಬಿಚ್ಚಿದ ಗ್ಯಾರೇಜಿನಲ್ಲಿ ಅದನ್ನು ಯಾರೂ ನೋಡಿರಲಿಲ್ಲ. ನನಗೆ ಬೇಜಾರಾಗಿದ್ದು ದುಡ್ಡಿಗಲ್ಲ, ಇದಕ್ಕೆ.

ಸೀಲ್ ಹಳೆಯದಾಗಿ ರಬ್ಬರ್ ಗಟ್ಟಿಯಾಗುವುದೂ ಉಂಟು. ಆದರೆ ಮಣ್ಣಿನ ದಾರಿಯಲ್ಲಿ ಓಡಾಡುವ ಬೈಕಿನಲ್ಲಿ ಅದಕ್ಕಿಂತ ಮುಂಚೆ ಕೆಸರೇ ಅದನ್ನು ತಿಂದುಹಾಕುತ್ತದೆ. 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ತಗೊಳ್ಳಿ, ಅದರ ಮುಂದಿನ ಫೋರ್ಕ್ 190 ಮಿಲಿಮೀಟರ್ ಆಡುತ್ತದೆ. ದೊಡ್ಡ ಗುಂಡಿಗೆ ಇಳಿದಾಗ ಹೆಚ್ಚುಕಮ್ಮಿ ಅಷ್ಟುದ್ದ ಪೈಪ್ ಸೀಲಿನ ತೆಳು ಅಂಚನ್ನು ಉಜ್ಜಿಕೊಂಡು ಹೋಗಿ ಬರುತ್ತದೆ. ನಮ್ಮ ಸಕಲೇಶಪುರದ ಕೆಮ್ಮಣ್ಣು ಅದರ ಮೇಲೆ ಒಣಗಿ ಕೂತರೆ ಎಮರಿ ಪೇಪರ್ ಇದ್ದಂತೆಯೇ. ಪೈಪ್ ಮುಚ್ಚುವ ರಬ್ಬರ್ ಬೂಟ್ ಇದೆ ಅಂತ ನೆಮ್ಮದಿಯಿಂದ ಇರಬೇಡಿ. ಒಳಗೆ ಕೆಸರುನೀರು ಸೇರಿದರೆ ಅಲ್ಲೇ ನಿಲ್ಲುತ್ತದೆ.

ಹಾಗಾಗಿ ಸೋರಿದ ತಕ್ಷಣ ಫೋರ್ಕ್ ಬಿಚ್ಚಬೇಡಿ. ಮೊದಲು ಆಯಿಲ್ ಸೀಲಿನ ಮೇಲೆ ಧೂಳು ತಡೆಯಲು ಇರುವ ಡಸ್ಟ್ ಸೀಲ್ ಮೇಲೆತ್ತಿ ಒರೆಸಿ. ಹಳೆ ಕ್ಯಾಮೆರಾ ಫಿಲ್ಮಿನ ತುಂಡನ್ನು ಕೊಕ್ಕೆಯಂತೆ ಕತ್ತರಿಸಿ, ಪೈಪಿಗೂ ಸೀಲಿಗೂ ಮಧ್ಯೆ ತೂರಿಸಿ ಸುತ್ತ ಒಂದು ಸಲ ತಿರುಗಿಸಿ. ಸಿಕ್ಕಿಕೊಂಡ ಮಣ್ಣು ಕಪ್ಪಗೆ ಹೊರಗೆ ಬರುತ್ತದೆ. ಎಷ್ಟೋ ಸಲ ಸೋರುವುದು ಅಲ್ಲಿಗೇ ನಿಲ್ಲುತ್ತದೆ.

ನಿಲ್ಲದಿದ್ದರೆ ಬಿಚ್ಚಲೇಬೇಕು. ಕ್ಯಾಲಿಪರನ್ನು ಅದರ ಬ್ರೇಕ್ ಆಯಿಲ್ ಟ್ಯೂಬಿನಲ್ಲಿ ನೇತಾಡಲು ಬಿಡಬೇಡಿ, ಹಗ್ಗದಲ್ಲಿ ಕಟ್ಟಿ. ಮೇಲಿನ ಕ್ಯಾಪ್ ತೆಗೆಯುವಾಗ ಮುಖ ಪಕ್ಕಕ್ಕಿರಲಿ, ಒಳಗಿನ ಸ್ಪ್ರಿಂಗ್ ಚಿಮ್ಮುತ್ತದೆ. ಹಳೆ ಸೀಲನ್ನು ಸ್ಕ್ರೂಡ್ರೈವರಿನಲ್ಲಿ ಮೀಟುವವರು ಅದು ಕೂರುವ ಜಾಗಕ್ಕೆ ಗೀರು ಹಾಕುತ್ತಾರೆ. ಹಾಗಾದರೆ ಆಯಿಲ್ ಸೀಲಿನ ಹೊರಗಿಂದಲೇ ಬರುತ್ತದೆ. ಮಧ್ಯೆ ಬಟ್ಟೆ ಇಟ್ಟುಕೊಂಡು ನಿಧಾನವಾಗಿ ಮಾಡಿ. ಹೊಸ ಸೀಲ್ ಏರಿಸುವಾಗ ಪೈಪಿನ ತುದಿಗೆ ತೆಳು ಪ್ಲಾಸ್ಟಿಕ್ ಸುತ್ತಿ, ಆಯಿಲ್ ಸವರಿ. ಆ ತುದಿಯ ಅಂಚು ಬ್ಲೇಡಿನಂತೆ ಇರುತ್ತದೆ, ಎಷ್ಟೋ ಹೊಸ ಸೀಲುಗಳು ಕೂರುವ ಮೊದಲೇ ಅಲ್ಲಿ ಹರಿಯುತ್ತವೆ. ಸೀಲಿನಲ್ಲಿ ಸಣ್ಣ ಸ್ಪ್ರಿಂಗ್ ಕಾಣುವ ಮಗ್ಗುಲು ಆಯಿಲ್ ಕಡೆಗಿರಲಿ. ಆಯಿಲ್ ಎಷ್ಟು, ಯಾವ ಗ್ರೇಡ್ ಅಂತ ಮ್ಯಾನುಯಲ್ ನೋಡಿ ಅಳತೆ ಮಾಡಿಯೇ ಹಾಕಿ. ಅಂದಾಜಿಗೆ ಸುರಿಯಬೇಡಿ. ಒಂದು ಕಡೆ ಸೋರಿದರೂ ಎರಡೂ ಕಡೆ ಬದಲಾಯಿಸಿ.

ನಮ್ಮ ಪೈಪಿನ ಗಾಯದ ಅಂಚು ಎದ್ದಿತ್ತು, ಅಷ್ಟೇ. ಚಿಕ್ಕಪ್ಪ ತೀರಾ ನಯವಾದ ಎಮರಿಗೆ ಆಯಿಲ್ ಹಚ್ಚಿ ಆ ಜಾಗವನ್ನು ಮಾತ್ರ ಉಜ್ಜಿದರು. ಉಗುರು ಜಾರಿಹೋಗುವವರೆಗೂ ಬಿಡಲಿಲ್ಲ. ಪೈಪಿನ ಮೇಲಿನ ಕ್ರೋಮ್ ಲೇಪ ಎದ್ದು ಗುಳಿ ಬಿದ್ದಿದ್ದರೆ ಇದು ಆಗುತ್ತಿರಲಿಲ್ಲ, ಪೈಪೇ ಬದಲಾಯಿಸಬೇಕಿತ್ತು. ಕೊನೆಗೆ ಬ್ರೇಕ್ ಪ್ಯಾಡ್. ಪೆಟ್ರೋಲಿನಲ್ಲಿ ತೊಳೆದು ಹಾಕೋಣ ಅಂದೆ. ಚಿಕ್ಕಪ್ಪ ಒಪ್ಪಲಿಲ್ಲ. "ಆಯಿಲ್ ಕುಡಿದ ಪ್ಯಾಡ್ ಅದು, ಎಸಿ" ಅಂದರು. ಡಿಸ್ಕ್ ಚೆನ್ನಾಗಿ ತೊಳೆದು ಹೊಸ ಪ್ಯಾಡ್ ಹಾಕಿದೆವು. ಈಗ ಪ್ರತಿ ರೈಡ್ ಮುಗಿದ ಮೇಲೆ, ಮಣ್ಣು ಒಣಗುವ ಮುಂಚೆ, ಒದ್ದೆ ಬಟ್ಟೆಯಲ್ಲಿ ಎರಡೂ ಪೈಪ್ ಒರೆಸಿಯೇ ಒಳಗೆ ಹೋಗುತ್ತೇನೆ.