ಅಕ್ಕನ ರವಿಕೆ ತಂಗಿಗೆ

ಬ್ರಿಟನ್ನಿನಲ್ಲಿ ಕ್ಯಾರವಾನ್ (ಕಾರಿನ ಹಿಂದೆ ಎಳೆದೊಯ್ಯುವ ಗಾಲಿಮನೆ) ಬದಲಿಸುವವರು ಹಳೇ ಗಾಡಿಯನ್ನು ಕಣ್ಣಲ್ಲಿ ಹನಿ ನೀರಿಲ್ಲದೆ ಮಾರಿಬಿಡುತ್ತಾರೆ. ಅದರ ಪಕ್ಕಕ್ಕೆ ಕಟ್ಟುವ ಆನಿಂಗನ್ನು ಮಾತ್ರ ಬಿಟ್ಟುಕೊಡುವುದಿಲ್ಲ, ಹೊಸ ಗಾಡಿಗೂ ಅದನ್ನೇ ಹೊಂದಿಸಲು ನೋಡುತ್ತಾರೆ. ಪೂರ್ತಿ ಉದ್ದದ ಒಳ್ಳೇ ಆನಿಂಗ್ ಹೊಸದಾಗಿ ಕೊಂಡರೆ ಸುಲಭವಾಗಿ ಸಾವಿರ ಪೌಂಡ್ ದಾಟುತ್ತದಲ್ಲ! "ಬಟ್ಟೆ ತಾನೇ, ಸ್ವಲ್ಪ ಆಚೀಚೆ ಮಾಡಿದ್ರೆ ಕೂತ್ಕೊಳ್ಳುತ್ತೆ" ಎಂಬ ಮಾತು ಅಲ್ಲಿಂದಲೇ ಶುರು. ಅಕ್ಕನ ರವಿಕೆಯನ್ನು ತಂಗಿಗೆ ಹೊಂದಿಸಲು ಕೂತವರಿಗೆ ಈ ಮಾತಿನ ಬೆಲೆ ಗೊತ್ತು.

ಆನಿಂಗ್ ಅಂದರೆ ಬಟ್ಟೆಯ ಪಡಸಾಲೆ. ಮೂರು ಗೋಡೆ, ಒಂದು ಮಾಡು. ನಾಲ್ಕನೇ ಗೋಡೆ ಕ್ಯಾರವಾನೇ. ಮಾಡಿನ ಅಂಚಿನಲ್ಲಿ, ಪಾಯಜಾಮದೊಳಗಿನ ಲಾಡಿಯಂತೆ, ದುಂಡನೆಯ ಹುರಿಯೊಂದನ್ನು ಸೇರಿಸಿ ಹೊಲಿದಿರುತ್ತಾರೆ. ಹೆಸರು ಕೇಡರ್. ಹೆಸರಲ್ಲೇ ಕೇಡಿರುವುದು ಕನ್ನಡಿಗರಿಗಷ್ಟೇ ಕಾಣುತ್ತದೆ. ಕ್ಯಾರವಾನಿನ ಮೈಮೇಲಿನ ಅಲ್ಯೂಮಿನಿಯಂ ಹಳಿಯೊಳಗೆ ಈ ಕೇಡರನ್ನು ತೂರಿಸಿ ಎಳೆದರೆ ಚಪ್ಪರ ನೇತಾಡುತ್ತದೆ.

ಮೊದಲು 'ಎ' ಅಳತೆ, ಅಂದರೆ ಆನಿಂಗಿನ ಸೈಜು ಹೇಳುವ ಅಳತೆ. ಹಳಿಯ ಒಂದು ತುದಿಯ ಕೆಳಗೆ ನೆಲದಿಂದ ಹಗ್ಗ ಹಿಡಿದು, ಹಳಿಯುದ್ದಕ್ಕೂ ಮೇಲೇರಿ, ಇನ್ನೊಂದು ತುದಿಯಲ್ಲಿ ಮತ್ತೆ ನೆಲಕ್ಕಿಳಿಯಬೇಕು. ನೈಲಾನ್ ಹಗ್ಗ ಬೇಡ, ಹಿಗ್ಗುತ್ತದೆ. ಅದಕ್ಕೂ ಮುಂಚೆ ಕ್ಯಾರವಾನನ್ನು ಗಟ್ಟಿ ನೆಲದಲ್ಲಿ ಮಟ್ಟವಾಗಿ ನಿಲ್ಲಿಸಿರಬೇಕು. ಹಳಿಯನ್ನಷ್ಟೇ ಅಳೆದು ಮನೆಗೆ ಹೋಗುವ ಜಾಣರಿದ್ದಾರೆ. ಹಳಿ ನೆಲಕ್ಕಿಂತ 40 ಸೆಂ.ಮೀ. ಮೇಲೇ ಮುಗಿದಿದ್ದರೆ ಎರಡೂ ಕಡೆ ಸೇರಿ 80 ಸೆಂ.ಮೀ. ಮಾಯ! ಆನಿಂಗುಗಳು ಸಾಮಾನ್ಯವಾಗಿ 25 ಸೆಂ.ಮೀ. ಅಂತರದ ಸೈಜುಗಳಲ್ಲಿ ಬರುತ್ತವೆ: 975ರಿಂದ 1000, 1000ದಿಂದ 1025, ಹೀಗೆ. ಅಂದರೆ 80 ತಪ್ಪಿದರೆ ಮೂರು ಸೈಜು ತಪ್ಪಿದ ಹಾಗೆ.

ಅಂಕಿ ಕೂಡಿಬಂತೆಂದು ಹಿಗ್ಗುವುದೂ ಬೇಡ. 980 ಎಂಬ ಅಳತೆ ಎತ್ತರವಿದ್ದು ಉದ್ದ ಕಡಿಮೆಯಿರುವ ಗಾಡಿಗೂ ಬರುತ್ತದೆ, ತಗ್ಗಾದ ಉದ್ದ ಗಾಡಿಗೂ ಬರುತ್ತದೆ. ಎದೆಯ ಸುತ್ತಳತೆ ಒಂದೇ ಇದ್ದ ಮಾತ್ರಕ್ಕೆ ಭುಜವೂ ಒಂದೇ ಇರುತ್ತದೆಯೇ? ಮೂಲೆಯ ತಿರುವು ಬೇರೆಯಾದರೆ ಅಲ್ಲಿ ಸೀರೆಯ ನೆರಿಗೆಯಂತೆ ಸುಕ್ಕು ಬೀಳುತ್ತದೆ. ಕತ್ತರಿ ಹಾಕಿದರೆ ಈ ಸುಕ್ಕು ಹೋಗುವುದಿಲ್ಲ, ಸೋರುತ್ತದೆ. ಅದನ್ನು ಹಾಗೇ ಬಿಟ್ಟು, ಹಿಂಬದಿಗೆ ಎರಡು ಕಂಬ ನಿಲ್ಲಿಸಿ, ಸ್ಪಂಜಿನ ಪ್ಯಾಡಿನಿಂದ ಬಟ್ಟೆಯನ್ನು ಕ್ಯಾರವಾನಿನ ಗೋಡೆಗೆ ಒತ್ತಿಸುವುದೇ ವಾಸಿ. ಕಂಬ ಕಿಟಕಿಯ ಮೇಲೆ ಬರಬಾರದು, ಅಷ್ಟೇ.

ಕೇಡರಿನ ದಪ್ಪ ಹೊಂದುತ್ತದೆಯೇ ಎಂಬುದು ಹಳಿಯೊಳಗೆ ಹತ್ತು ಸೆಂ.ಮೀ. ತೂರಿಸಿ ನೋಡಿದರೆ ಗೊತ್ತಾಗುತ್ತದೆ. ತೆಳ್ಳಗಿದ್ದರೆ ಗಾಳಿಗೆ ಪಟಪಟನೆ ಕಳಚಿ ಬರುತ್ತದೆ. ದಪ್ಪಗಿದ್ದರೆ ಅರ್ಧ ದಾರಿಯಲ್ಲಿ ಕಚ್ಚಿಕೊಂಡು ಕೂರುತ್ತದೆ. ಬದಲಿಸುತ್ತೇನೆ ಎನ್ನುವವರು ಒಂದು ಲೆಕ್ಕ ಹಾಕಲಿ: ಹತ್ತು ಮೀಟರ್ ಉದ್ದ, 4 ಮಿ.ಮೀ.ಗೊಂದು ಹೊಲಿಗೆ. ಬಿಚ್ಚಲು 2,500, ಮತ್ತೆ ಹಾಕಲು 2,500. ಹಳಿಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಎಣ್ಣೆ ಬೇಡ, ಬಟ್ಟೆಗೆ ಕಲೆ ಹತ್ತುತ್ತದೆ. ಹಳಿಯ ಬಾಯಿ ಚೂಪಾಗಿದ್ದರೆ ಮರಳು ಕಾಗದದಿಂದ ಉಜ್ಜಬೇಕು, ಇಲ್ಲದಿದ್ದರೆ ಬಟ್ಟೆ ಹರಿಯುವುದು ಅಲ್ಲಿಂದಲೇ. ಆಮೇಲೆ ಒಬ್ಬರು ಎಳೆಯಬೇಕು, ಒಬ್ಬರು ಬಿಡಬೇಕು. ಯಾವ ಕ್ಯಾಂಪ್ ಸೈಟಿಗೆ ಹೋದರೂ ಈ ಸಂವಾದ ಕೇಳುತ್ತದೆ:

"ಎಳೀರಿ!"

"ಎಳೀತಾನೇ ಇದೀನಿ ಕಣೇ, ನೀನು ಬಿಡು."

"ಬಿಟ್ಟೇ ಇದೀನಿ. ನೀವೇ ತಿರುಚ್ತಾ ಇದೀರಿ."

ಹಳೇ ಆನಿಂಗ್ ಹೊಸ ಗಾಡಿಗೆ ಮೂವತ್ತು ಸೆಂ.ಮೀ. ಕಡಿಮೆ ಬಿತ್ತು ಎಂದುಕೊಳ್ಳಿ. ಆನಿಂಗನ್ನು ನಟ್ಟನಡುವೆ ತಂದು ನಿಲ್ಲಿಸಿದರೆ ಎರಡೂ ಬದಿ 15 ಸೆಂ.ಮೀ. ಮೇಲೇಳುತ್ತದೆ, ಪಂಚೆ ಎತ್ತಿ ಕಟ್ಟಿದವರ ಹಾಗೆ. ಇದಕ್ಕೆ ಮದ್ದು ಕೆಳಗಡೆ ಹೊಲಿಯುವ ಪಿವಿಸಿ ಪಟ್ಟಿ. 15 ಕೊರತೆಗೆ, 3 ಹೊಲಿಗೆಯ ಮಡಿಪಿಗೆ, 7 ನೆಲದ ಮೇಲೆ ಮಲಗಲು: ಒಟ್ಟು 25 ಸೆಂ.ಮೀ. ಅಗಲ. ಇದಕ್ಕಿಂತ ಹೆಚ್ಚು ಕೊರತೆಯಿದ್ದರೆ ಪಟ್ಟಿಯಿಂದ ಮಾನ ಮುಚ್ಚದು. ಮಾಡೇ ಚಿಕ್ಕದು, ಮಾರಿಬಿಡಿ.

ಗುರುತು ಹಾಕುವುದು ಆನಿಂಗ್ ಏರಿಸಿ ಬಿಗಿದ ಮೇಲೆ, ಟೈಲರ್ ಚಾಕ್‌ನಿಂದ. ನೆಲದ ಮೇಲೆ ಹರಡಿ ಅಳೆದದ್ದು ಕಂಬಕ್ಕೇರಿದಾಗ ಸುಳ್ಳಾಗುತ್ತದೆ. ಗುಂಡುಪಿನ್ ಚುಚ್ಚಬೇಡಿ, ಪ್ರತಿ ತೂತೂ ಮಳೆಗಾಲದಲ್ಲಿ ಕೈ ಎತ್ತಿ ಹಾಜರಿ ಹೇಳುತ್ತದೆ. ಬಟ್ಟೆ ಒಣಗಿಸುವ ಕ್ಲಿಪ್ ಸಾಕು. ಸೂಜಿ 100 ಅಥವಾ 110 ನಂಬರಿನದು, ದಾರ ಬಿಸಿಲಿಗೆ ಜಗ್ಗದ ಪಾಲಿಯೆಸ್ಟರ್. ಗಟ್ಟಿಯಾಗಲಿ ಎಂದು ಹೊಲಿಗೆಯನ್ನು ಒತ್ತೊತ್ತಾಗಿ ಹಾಕಿದರೆ ಪಿವಿಸಿ ಅಂಚೆಚೀಟಿಯಂತಾಗಿ ಸಾಲು ಹಿಡಿದು ಹರಿಯುತ್ತದೆ. 4 ಮಿ.ಮೀ. ಇರಲಿ. ಬಣ್ಣ ಹೊಂದಿಸಲು ಅಂಗಡಿ ಅಲೆಯುವುದು ದಂಡ. ಹಳೇ ಬಟ್ಟೆ ಬಿಸಿಲಿಗೆ ಮಾಸಿದೆ, ಅದರ ಬಣ್ಣ ಅದಕ್ಕೇ ನೆನಪಿಲ್ಲ. ಕಡು ಬೂದು ಪಟ್ಟಿ ತನ್ನಿ, ಬೇಕೆಂದೇ ಹಾಕಿಸಿದ ಬಾರ್ಡರಿನಂತೆ ಕಾಣುತ್ತದೆ.

ಎಲ್ಲರೂ ಮುಗ್ಗರಿಸುವುದು ಮೂಲೆಯಲ್ಲಿ. ಜಿಪ್ಪು ಹಳೇ ಅಂಚಿಗೇ ಮುಗಿದಿರುತ್ತದೆ. ಪಟ್ಟಿಯನ್ನು ಸೀಳು ಬಿಡದೆ ಸುತ್ತ ಹೊಲಿದರೆ, ಆಮೇಲೆ ಬಾಗಿಲು ಮೇಲಿಂದ ತೆರೆಯುತ್ತದೆ, ಕೆಳಗೆ ತೆರೆಯುವುದಿಲ್ಲ. ಮನೆಮಂದಿಯೆಲ್ಲ ಹೊಸ್ತಿಲು ದಾಟುವ ಹಾಗೆ ಕಾಲೆತ್ತಿ ಓಡಾಡಬೇಕು. ಗೂಟಕ್ಕೆ ಸಿಕ್ಕಿಸುವ ರಬ್ಬರ್ ಬಳೆಗಳೂ ಹೊಸ ಪಟ್ಟಿಗೆ ಇಳಿಯಬೇಕು.

ಹೊಸ ಕ್ಯಾರವಾನ್ ಹಳೆಯದಕ್ಕಿಂತ ತಗ್ಗಾಗಿದ್ದರೆ ಮಾಡಿನ ಇಳಿಜಾರು ಕಡಿಮೆಯಾಗಿ ನೀರು ನಿಲ್ಲುತ್ತದೆ. ಒಂದು ಚದರ ಮೀಟರಿನಲ್ಲಿ ಐದು ಸೆಂ.ಮೀ. ನೀರು ನಿಂತರೆ 50 ಲೀಟರು, ಅಂದರೆ 50 ಕಿಲೋ, ಒಂದು ಮೂಟೆ ಅಕ್ಕಿ ತಲೆಯ ಮೇಲೆ. ಮುಂದಿನ ಕಂಬಗಳನ್ನು ಒಂದಿಷ್ಟು ತಗ್ಗಿಸಿ, ನಡುವೆ ಒಂದು ಮಾಡಿನ ಕಂಬ ಹೆಚ್ಚಿಗೆ ಕೊಡಿ. ಪೊರಕೆ ಹಿಡಿಯಿಂದ ಒಳಗಿನಿಂದ ನೀರು ತಳ್ಳುವ ವಿದ್ಯೆಯೂ ಇದೆ. ಆ ನೀರು ಹೊರಗೆ ಯಾರು ನಿಂತಿದ್ದಾರೆಂದು ಹುಡುಕಿಕೊಂಡೇ ಬೀಳುತ್ತದೆ.

ರಜೆ ಮುಗಿದು ಬಿಚ್ಚಿ, ಪೂರ್ತಿ ಒಣಗಿಸಿ (ಒದ್ದೆ ಮಡಿಚಿದರೆ ಕೆಲವೇ ದಿನದಲ್ಲಿ ಬೂಷ್ಟು), ಸುರುಳಿ ಸುತ್ತಿ ಹಳೇ ಚೀಲಕ್ಕೆ ತುರುಕಲು ಹೋದರೆ ಹಿಡಿಸುವುದಿಲ್ಲ. ಕೆಳಗೆ ಸುತ್ತ 25 ಸೆಂ.ಮೀ. ಪಿವಿಸಿ ಸೇರಿದೆಯಲ್ಲ! ಒಬ್ಬರು ಚೀಲದ ಮೇಲೆ ಕೂತು ಒಬ್ಬರು ಜಿಪ್ಪೆಳೆದು ನೋಡಬಹುದು. ಆಗದಿದ್ದರೆ ಮಿಕ್ಕ ಪಟ್ಟಿಯ ತುಂಡುಗಳನ್ನು ಎಸೆಯಬೇಡಿ, ಮಿಷನ್ನನ್ನೂ ಎತ್ತಿಡಬೇಡಿ. ಇನ್ನು ಚೀಲವನ್ನು ದೊಡ್ಡದು ಮಾಡುವ ಕೆಲಸ ಇದೆ.